ಮೊದಲು ಮೀಟರ್, ಆಮೇಲೆ ಕಿವಿ: ಹೆಡ್‌ಫೋನ್ ಆ್ಯಂಪ್ ಆರಿಸಿದ ನನ್ನ ಅನುಭವ

ನನ್ನ ಬಳಿಯಿರುವ ಎರಡು ಹೆಡ್‌ಫೋನ್‌ಗಳೂ ಸುಲಭಕ್ಕೆ ಬಗ್ಗುವಂಥವಲ್ಲ. ಒಂದು 600 ಓಮ್‌ನ ಬೇಯರ್‌ಡೈನಮಿಕ್ ಡಿಟಿ 880, ಇನ್ನೊಂದು ಹೈಫೈಮ್ಯಾನ್ ಎಚ್‌ಇ-6. ಇವೆರಡನ್ನೂ ಒಂದೇ ಆ್ಯಂಪ್‌ನಿಂದ (ದನಿಯ ಸಂಕೇತಕ್ಕೆ ಬಲ ಕೊಡುವ ಆ್ಯಂಪ್ಲಿಫೈಯರ್), ಅದೂ ಹೆಡ್‌ಫೋನ್‌ಗಿಂತ ಕಡಿಮೆ ಬೆಲೆಯ ಆ್ಯಂಪ್‌ನಿಂದ ನಡೆಸಬಹುದೆಂದು ಹೇಳಿದಾಗ ಗೆಳೆಯರಲ್ಲಿ ಯಾರೂ ಒಪ್ಪಲಿಲ್ಲ. ಒಂದಕ್ಕೆ ಟ್ಯೂಬ್ ಆ್ಯಂಪ್, ಮತ್ತೊಂದಕ್ಕೆ ಸ್ಪೀಕರ್ ಆ್ಯಂಪ್ ಬೇಕೇ ಬೇಕು ಎಂಬುದು ಅವರ ಖಚಿತ ಅಭಿಪ್ರಾಯವಾಗಿತ್ತು. ಆ್ಯಂಪ್‌ಗೆ ಹೆಡ್‌ಫೋನ್ ಬದಲು ರೆಸಿಸ್ಟರ್ ಕಟ್ಟಿ ಅಳೆದರೆ ಸಂಗೀತದ ಗುಣ ತಿಳಿಯುತ್ತದೆಯೇ ಎಂದು ಕೇಳಿದವರೂ ಇದ್ದರು. ಹಾಗೆ ಅಳೆದು ಆರಿಸಿದ ಆ್ಯಂಪ್ ಸುಮಾರು ಮೂರು ವರ್ಷಗಳಿಂದ ದಿನವೂ ಕೆಲಸ ಮಾಡುತ್ತಿದೆ, ಮತ್ತು ಅನುಮಾನಪಟ್ಟವರಲ್ಲಿ ಇಬ್ಬರು ಈಗ ಇದೇ ಕ್ರಮದಲ್ಲಿ ತಮ್ಮ ಆ್ಯಂಪ್ ಕೊಂಡಿದ್ದಾರೆ.

ಅದಕ್ಕೆ ಮುಂಚೆ ಮೂರು ಆ್ಯಂಪ್‌ಗಳು ಬಂದು ಹೋದವು. ಅವುಗಳಿಗೆ ಕೊಟ್ಟ ಹಣವನ್ನು ಕೂಡಿಸಿದರೆ ಎಚ್‌ಇ-6ರ ಬೆಲೆಯನ್ನೂ ಮೀರುತ್ತದೆ. ಮಾರಿದಾಗ ಕೈಸೇರಿದ್ದು ಅದರ ಅರ್ಧಕ್ಕಿಂತ ತುಸು ಹೆಚ್ಚು.

ಮೊದಲನೆಯದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ಟ್ಯೂಬ್ ಆ್ಯಂಪ್. ಡಿಟಿ 880ಕ್ಕೆ ಅದು ಬಹಳ ಚೆನ್ನಾಗಿ ಹೊಂದಿಕೊಂಡಿತ್ತು. ಆದರೆ ಏನೂ ಜೋಡಿಸದೆ 2 ವೋಲ್ಟ್ ಕೊಡುತ್ತಿದ್ದ ಅದಕ್ಕೆ ಎಚ್‌ಇ-6ಕ್ಕೆ ಸಮನಾದ 50 ಓಮ್ ರೆಸಿಸ್ಟರ್ ಕಟ್ಟಿದ ಕೂಡಲೇ ವೋಲ್ಟೇಜ್ 0.85ರ ಸುತ್ತಮುತ್ತ ಇಳಿಯಿತು. ಅಂದರೆ ಅದರ ಔಟ್‌ಪುಟ್ ಇಂಪಿಡೆನ್ಸ್ (ಆ್ಯಂಪ್‌ನೊಳಗೇ ಇರುವ ತಡೆ) ಹೆಚ್ಚುಕಡಿಮೆ 70 ಓಮ್. ಎರಡನೆಯದು ಬ್ಯಾಟರಿಯ ಪುಟ್ಟ ಆ್ಯಂಪ್. ಡಬ್ಬಿಯ ಮೇಲೆ 32 ಓಮ್‌ಗೆ 1 ವ್ಯಾಟ್ ಎಂದು ದೊಡ್ಡದಾಗಿ ಬರೆದಿತ್ತು. ಅದನ್ನು ವೋಲ್ಟ್‌ಗೆ ತಿರುಗಿಸಿದರೆ ಬರೀ 5.7, ಅದು ಕೂಡ ತಣ್ಣಗಿರುವಾಗ ಮಾತ್ರ. ಇಪ್ಪತ್ತು ನಿಮಿಷ ಗಟ್ಟಿಯಾಗಿ ನಡೆಸಿದರೆ ಒಂದು ಚಾನೆಲ್ ಸದ್ದಿಲ್ಲದೆ ಕುಗ್ಗುತ್ತಿತ್ತು.

ಮೂರನೆಯದರ ಶಕ್ತಿಗೆ ಕೊರತೆಯಿರಲಿಲ್ಲ, ಆದರೆ ಭಯ ಹುಟ್ಟಿಸಿದ್ದು ಅದೇ. ಆಫ್ ಮಾಡುವಾಗ ಧಡ್ ಎಂಬ ಸದ್ದು ಬರುತ್ತಿದ್ದುದರಿಂದ ಹೆಡ್‌ಫೋನ್ ತೆಗೆದು ಹಳೆಯ ಮುಳ್ಳಿನ ಮಲ್ಟಿಮೀಟರ್ ಅನ್ನು ಡಿಸಿಗೆ (ಹೆಡ್‌ಫೋನ್‌ಗೆ ಅಪಾಯಕಾರಿಯಾದ, ಒಂದೇ ದಿಕ್ಕಿನ ವಿದ್ಯುತ್ತಿಗೆ) ಇಟ್ಟು ಔಟ್‌ಪುಟ್‌ಗೆ ಸೇರಿಸಿದೆ. ಸ್ವಿಚ್ ಆಫ್ ಮಾಡಿದ ಕ್ಷಣ ಮುಳ್ಳು 3 ವೋಲ್ಟ್ ದಾಟಿ ಹಾರಿ, ನಿಧಾನವಾಗಿ ಹಿಂದಕ್ಕೆ ಬಂತು. ಇಂಥದ್ದನ್ನು ಡಿಜಿಟಲ್ ಮೀಟರ್ ಸರಿಯಾಗಿ ತೋರಿಸುವುದಿಲ್ಲ. ಅಂಕಿ ಬದಲಾಗುವಷ್ಟರಲ್ಲಿ ವಿಷಯ ಮುಗಿದಿರುತ್ತದೆ. ಕೆಲವು ತಿಂಗಳ ನಂತರ ಅದೇ ಆ್ಯಂಪ್‌ನ ಎಡ ಚಾನೆಲ್‌ನಲ್ಲಿ ಅರ್ಧ ವೋಲ್ಟ್‌ನಷ್ಟು ಡಿಸಿ ಸ್ಥಿರವಾಗಿ ನಿಂತಿತು. ತೆರೆದು ನೋಡಿದರೆ ಬಿಸಿಯಾಗುವ ಹೀಟ್‌ಸಿಂಕ್‌ನ ಪಕ್ಕದಲ್ಲೇ ಒಂದು ಬೆಸುಗೆ ಬಿರುಕು ಬಿಟ್ಟಿತ್ತು, ಮತ್ತು ಔಟ್‌ಪುಟ್ ಅನ್ನು ಕಡಿದುಹಾಕುವ ರಿಲೇ ಎಲ್ಲಿಯೂ ಇರಲಿಲ್ಲ.

ಇಷ್ಟಾದ ಮೇಲೆ ವ್ಯಾಟ್ ಅಂಕಿಗಳನ್ನು ಬದಿಗಿಟ್ಟು, ಎರಡೂ ಹೆಡ್‌ಫೋನ್‌ಗಳಿಗೆ 115 ಡೆಸಿಬಲ್‌ನ ಶಿಖರಕ್ಕೆ ಬೇಕಾಗುವ ವೋಲ್ಟೇಜ್ ಮತ್ತು ಕರೆಂಟ್ ಅನ್ನು ಬೇರೆ ಬೇರೆಯಾಗಿ ಬರೆದುಕೊಂಡೆ. ಒಂದು ಮಿಲಿವ್ಯಾಟ್‌ಗೆ 96 ಡೆಸಿಬಲ್ ಕೊಡುವ ಡಿಟಿ 880ಕ್ಕೆ ಸುಮಾರು 7 ವೋಲ್ಟ್, 12 ಮಿಲಿಆ್ಯಂಪ್. 83.5 ಡೆಸಿಬಲ್ ಮಾತ್ರ ಕೊಡುವ 50 ಓಮ್‌ನ ಎಚ್‌ಇ-6ಕ್ಕೆ ಸುಮಾರು 8.4 ವೋಲ್ಟ್, 170 ಮಿಲಿಆ್ಯಂಪ್. ವೋಲ್ಟೇಜ್ ಎರಡಕ್ಕೂ ಹತ್ತಿರ ಹತ್ತಿರವೇ ಇದೆ. ಕರೆಂಟ್ ಮಾತ್ರ ಹದಿನಾಲ್ಕು ಪಟ್ಟು ವ್ಯತ್ಯಾಸ. ಆದ್ದರಿಂದ 50 ಓಮ್ ಹೊರೆಯ ಮೇಲೆ ಒಂಬತ್ತು ವೋಲ್ಟ್ ನಿಲ್ಲಿಸಬಲ್ಲ ಆ್ಯಂಪ್ ಎರಡಕ್ಕೂ ಸಾಕು. ಎರಡು ಆ್ಯಂಪ್ ಬೇಕೆಂದವರು ಈ ಲೆಕ್ಕವನ್ನು ಒಮ್ಮೆಯೂ ಮಾಡಿ ನೋಡಿರಲಿಲ್ಲ.

ಹೆಡ್‌ಫೋನ್ ಬದಲಿನ ಹೊರೆಗಾಗಿ 5 ವ್ಯಾಟ್‌ನ 100 ಓಮ್ ರೆಸಿಸ್ಟರ್‌ಗಳನ್ನು ಪ್ರತಿ ಚಾನೆಲ್‌ಗೆ ಎರಡರಂತೆ ಸಮಾಂತರವಾಗಿ ಜೋಡಿಸಿದೆ. 600 ಓಮ್‌ಗೆ 1.2 ಕಿಲೋ ಓಮ್‌ನ ಎರಡು ಸಾಕಾದವು. ಇದಕ್ಕೆ ತಗುಲಿದ ಖರ್ಚು ಒಂದು ಇಯರ್‌ಪ್ಯಾಡ್ ಜೋಡಿಯ ಬೆಲೆಗಿಂತ ಬಹಳ ಕಡಿಮೆ. ಪರೀಕ್ಷೆಯ ಸ್ವರವನ್ನು 70ರಿಂದ 80 ಹರ್ಟ್ಸ್ ನಡುವೆ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಸಾಧಾರಣ ಮಲ್ಟಿಮೀಟರ್ ಅಲ್ಲಿ ನಂಬಿಕೆಗೆ ಅರ್ಹ, ಮತ್ತು ಮನೆಯ ವಿದ್ಯುತ್ತಿನ ಹಮ್ ಅದರೊಂದಿಗೆ ಬೆರೆತು ಗೊಂದಲ ಮಾಡುವುದಿಲ್ಲ. ಆಸಿಲೋಸ್ಕೋಪ್ ಇಲ್ಲದವರು ಕ್ಲಿಪಿಂಗ್ ಅನ್ನು, ಅಂದರೆ ಆ್ಯಂಪ್ ತನ್ನ ಮಿತಿ ತಲುಪಿ ಅಲೆಯ ತುದಿಯನ್ನು ಕತ್ತರಿಸುವುದನ್ನು, ಹೀಗೆ ಹಿಡಿಯಬಹುದು: ಪ್ಲೇಯರ್‌ನ ಮಟ್ಟವನ್ನು 1 ಡೆಸಿಬಲ್‌ನಂತೆ ಏರಿಸುತ್ತ ಹೋದರೆ ಪ್ರತಿ ಸಲವೂ ಔಟ್‌ಪುಟ್ ವೋಲ್ಟೇಜ್ ಶೇಕಡ 12ರಷ್ಟು ಏರಬೇಕು. ಆ ಏರಿಕೆ 8ಕ್ಕೋ 6ಕ್ಕೋ ಕುಸಿದ ಮೆಟ್ಟಿಲೇ ಆ್ಯಂಪ್‌ನ ಕೊನೆ. ಈ ಅಳತೆಯನ್ನು ತಣ್ಣಗಿರುವಾಗ ಒಮ್ಮೆ ತೆಗೆದುಕೊಂಡು, ಹೊರೆಯ ಮೇಲೆ ಒಂದು ಗಂಟೆ ಕಾಯಿಸಿ ಮತ್ತೊಮ್ಮೆ ತೆಗೆದುಕೊಳ್ಳುತ್ತೇನೆ. ಎರಡರ ನಡುವೆ ಅರ್ಧ ಡೆಸಿಬಲ್‌ಗಿಂತ ಹೆಚ್ಚು ಅಂತರ ಬಂದ ಆ್ಯಂಪ್ ನನಗೆ ಬೇಡ, ಅದರ ದನಿ ಎಷ್ಟೇ ಇಂಪಾಗಿರಲಿ.

ನಡುವೆ ಒಂದು ಸಣ್ಣ ಪ್ರಯೋಗವನ್ನೂ ಮಾಡಿದೆ. ಎರವಲು ತಂದ ಸೆನ್‌ಹೈಸರ್ ಎಚ್‌ಡಿ 650ಕ್ಕೆ 120 ಓಮ್ ರೆಸಿಸ್ಟರ್ ಅನ್ನು ಸರಣಿಯಲ್ಲಿ ಸೇರಿಸಿದಾಗ ಬಾಸ್ ಸುಮಾರು 1 ಡೆಸಿಬಲ್ ಉಬ್ಬಿತು. ಹೆಸರಿಗೆ 300 ಓಮ್ ಆದರೂ ಕೆಳಸ್ವರಗಳ ಅನುರಣನದಲ್ಲಿ ಅದರ ಇಂಪಿಡೆನ್ಸ್ 500ರ ಸಮೀಪಕ್ಕೆ ಏರುವುದೇ ಇದಕ್ಕೆ ಕಾರಣ. ಅದೇ ರೆಸಿಸ್ಟರ್ ಅನ್ನು ಎಚ್‌ಇ-6ಕ್ಕೆ ಹಾಕಿದರೆ ದನಿಯ ಬಣ್ಣ ಬದಲಾಗಲಿಲ್ಲ, ಮಟ್ಟ ಮಾತ್ರ 10 ಡೆಸಿಬಲ್‌ಗೂ ಹೆಚ್ಚು ಬಿದ್ದುಹೋಯಿತು, ಏಕೆಂದರೆ ಎಚ್‌ಇ-6ರಂಥ ಪ್ಲೇನಾರ್ (ಚಪ್ಪಟೆ ಪೊರೆಯ) ಹೆಡ್‌ಫೋನ್‌ನ ಇಂಪಿಡೆನ್ಸ್ ಎಲ್ಲ ಸ್ವರಗಳಲ್ಲೂ ಹೆಚ್ಚುಕಡಿಮೆ ಸಮವಾಗಿರುತ್ತದೆ. ಟ್ಯೂಬ್ ಆ್ಯಂಪ್‌ನ ಬೆಚ್ಚನೆಯ ಬಾಸ್ ಎಂದು ಹೊಗಳುವುದರಲ್ಲಿ ಒಂದು ಪಾಲು ಈ ಉಬ್ಬೇ ಎಂದು ಅಂದಿನಿಂದ ನಂಬಿದ್ದೇನೆ, ಮತ್ತು ಅದು ಇಷ್ಟವಾದವರು ಅಷ್ಟನ್ನು ಒಂದು ರೆಸಿಸ್ಟರ್‌ನಿಂದಲೇ ಪಡೆಯಬಹುದು.

ಕೊನೆಗೆ ಆರಿಸಿದ ಆ್ಯಂಪ್ ಬಳಸಿದ ಮಾಲು. ಅದು 50 ಓಮ್‌ಗೆ ಸುಮಾರು 9 ವೋಲ್ಟ್, 600 ಓಮ್‌ಗೆ 10ರ ಸಮೀಪ ಕೊಡುತ್ತದೆ. ಔಟ್‌ಪುಟ್ ಇಂಪಿಡೆನ್ಸ್ ಅರ್ಧ ಓಮ್‌ಗಿಂತ ಕಡಿಮೆ, ಡಿಸಿ ಎರಡು ಮೂರು ಮಿಲಿವೋಲ್ಟ್. ಹಾಕುವಾಗ ರಿಲೇ ಕೆಲವು ಸೆಕೆಂಡ್ ತಡೆದು ಕಟಕ್ಕೆನ್ನುತ್ತದೆ, ಆಫ್ ಮಾಡುವಾಗ ಮೀಟರ್‌ನ ಮುಳ್ಳು ಅಲುಗುವುದೇ ಇಲ್ಲ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಹೀಟ್‌ಸಿಂಕ್‌ನಿಂದ ದೂರವಿರುವುದನ್ನು ತೆರೆದು ನೋಡಿಯೇ ಹಣ ಕೊಟ್ಟೆ. ಬಿಸಿ 10 ಡಿಗ್ರಿ ಇಳಿದರೆ ಅವುಗಳ ಆಯುಷ್ಯ ಸರಿಸುಮಾರು ಇಮ್ಮಡಿಯಾಗುತ್ತದೆ. ಬಳಸಿದ ಆ್ಯಂಪ್‌ನ ಕೆಪಾಸಿಟರ್‌ಗಳ ವಯಸ್ಸನ್ನು ಮುಚ್ಚಳ ತೆರೆಯದೆ ಅಂದಾಜು ಮಾಡುವ ಉಪಾಯವೂ ಒಂದಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಈ ಆ್ಯಂಪ್‌ನಲ್ಲಿ ಉಳಿದಿದ್ದ ಒಂದೇ ಕೊರತೆಯೆಂದರೆ ವಾಲ್ಯೂಮ್ ಕಡಿಮೆಯಿದ್ದಾಗ ಎಡಬಲಗಳ ನಡುವೆ ಬರುತ್ತಿದ್ದ ಎರಡು ಡೆಸಿಬಲ್ ಅಂತರ. ಗೇನ್ ಅನ್ನು (ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂಬ ಸ್ವಿಚ್) ಕೆಳಗಿನ ಸ್ಥಾನಕ್ಕೆ ತಂದು ನಾಬ್ ಅನ್ನು ಮಧ್ಯದಲ್ಲಿ ಇಟ್ಟುಕೊಂಡ ಮೇಲೆ ಅದೂ ಇಲ್ಲವಾಯಿತು.

ಈ ಆ್ಯಂಪ್‌ಗೂ ಒಂದು ಮಿತಿಯಿದೆ. ಗೆಳೆಯರೊಬ್ಬರು ತಮ್ಮ ಎಕೆಜಿ ಕೆ1000ಕ್ಕೂ ಇದೇ ಸಾಕೇ ಎಂದು ಕೇಳಿದರು. ಮಿಲಿವ್ಯಾಟ್‌ಗೆ 74 ಡೆಸಿಬಲ್, 120 ಓಮ್; 110 ಡೆಸಿಬಲ್‌ಗೇ ಸುಮಾರು 4 ವ್ಯಾಟ್, ಅಂದರೆ 22 ವೋಲ್ಟ್ ಬೇಕು. ಅಲ್ಲಿಗೆ ಸ್ಪೀಕರ್ ಆ್ಯಂಪೇ ಸರಿ ಎಂದು ಹೇಳಿ, 120 ಓಮ್‌ನ ಹೊರೆಯೊಂದನ್ನು ಕಟ್ಟಿಕೊಟ್ಟು ಕಳುಹಿಸಿದ್ದೇನೆ.