ಹೊಸ ನಿಯಮ ಬಂದಾಗ ಅದನ್ನು ತೂಗಿ ನೋಡುವ ಬಗೆ

ಉಡುಪಿಯಲ್ಲಿ ವಕೀಲಿಕೆ ಮಾಡುವ ನನ್ನ ಬಳಿಗೆ ಬರುವವರಲ್ಲಿ ಹೆಚ್ಚಿನವರು ಪರವಾನಗಿಯ ತಕರಾರಿನವರು: ಹೋಟೆಲಿನವರು, ಬಸ್ಸಿನವರು, ಮನೆಯ ಬದಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡವರು. ಒಬ್ಬನೇ ಮನುಷ್ಯ ಎರಡು ಮಾತು ಆಡುವುದನ್ನು ದಿನವೂ ಕೇಳುತ್ತೇನೆ. ಅಂಗಡಿಯ ಎದುರು ಚುರುಮುರಿ ಗಾಡಿ ನಿಂತರೆ ‘ಸರಕಾರ ಇದನ್ನೆಲ್ಲ ನಿಲ್ಲಿಸಬೇಡವೇ ವಕೀಲರೇ?’, ತನ್ನ ಅಡುಗೆಮನೆಗೆ ಆರೋಗ್ಯ ನಿರೀಕ್ಷಕರು ಕಾಲಿಟ್ಟರೆ ‘ಸರಕಾರಕ್ಕೆ ಇಲ್ಲೇನು ಕೆಲಸ?’. ಎರಡೂ ಸಿಟ್ಟಿನ ಮಾತುಗಳೇ. ಸಿಟ್ಟನ್ನು ಬದಿಗಿಟ್ಟು ಕೇಳಬೇಕಾದ ಪ್ರಶ್ನೆಗಳನ್ನು ಲಾಕ್, ಸ್ಮಿತ್, ಮಿಲ್ ಮುಂತಾದ ಹಳೆಯ ಉದಾರವಾದಿಗಳು, ಅಂದರೆ ವ್ಯಕ್ತಿಯ ಸ್ವಾತಂತ್ರ್ಯವನ್ನು ಎತ್ತಿಹಿಡಿದ ಚಿಂತಕರು, ಯಾವತ್ತೋ ಕೇಳಿಟ್ಟಿದ್ದಾರೆ. ಅವರ ದಪ್ಪ ಪುಸ್ತಕಗಳನ್ನು ಓದಿ ಮುಗಿಸುವವರೆಗೆ ಕಾಯಬೇಕಾಗಿಲ್ಲ. ಮುಂದಿನ ಸಲ ಒಂದು ನಿಯಮ ನಿಮ್ಮ ಅಂಗಡಿಯ ಬಾಗಿಲಿಗೆ ಬಂದಾಗ ಹೀಗೆ ಮಾಡಿ.

ಮೊದಲು ನಿಯಮದ ಪೂರ್ಣ ಪಠ್ಯವನ್ನು ತರಿಸಿಕೊಳ್ಳಿ. ಪತ್ರಿಕೆಯ ಸುದ್ದಿ ಸಾಲದು, ವಾಟ್ಸಾಪಿನಲ್ಲಿ ಬಂದ ಸಾರಾಂಶವಂತೂ ಬೇಡವೇ ಬೇಡ. ರಾಜ್ಯಪತ್ರದಲ್ಲಿ ಪ್ರಕಟವಾದ ಅಧಿಸೂಚನೆಯನ್ನು ಮುದ್ರಿಸಿಕೊಂಡು, ಕೆಂಪು ಪೆನ್ನು ಹಿಡಿದು ಕುಳಿತುಕೊಳ್ಳಿ. ‘ಪ್ರಾಧಿಕಾರಕ್ಕೆ ಸೂಕ್ತವೆಂದು ಕಂಡುಬಂದಲ್ಲಿ’, ‘ಮನದಟ್ಟಾದಲ್ಲಿ’, ‘ವಿಶೇಷ ಸಂದರ್ಭಗಳಲ್ಲಿ ವಿನಾಯಿತಿ ನೀಡಬಹುದು’ ಎಂಬಂಥ ಮಾತು ಬಂದಲ್ಲೆಲ್ಲ ಗೆರೆ ಎಳೆಯಿರಿ. ಪುಟ ಕೆಂಪಾದಷ್ಟೂ ನೀವು ಆ ಕಚೇರಿಯ ಮೆಟ್ಟಿಲು ಹತ್ತಬೇಕಾದ ಸಲಗಳು ಹೆಚ್ಚುತ್ತವೆ. ಕಳೆದ ಶತಮಾನದ ಅರ್ಥಶಾಸ್ತ್ರಜ್ಞ ಹಯೆಕ್ ಜೀವನವಿಡೀ ವಾದಿಸಿದ್ದು ಇದನ್ನೇ: ನಿಯಮ ಮೊದಲೇ ತಿಳಿದಿರಬೇಕು, ಎಲ್ಲರಿಗೂ ಒಂದೇ ಆಗಿರಬೇಕು, ನಾಳೆ ಏನು ಮಾಡಬಹುದೆಂದು ಜನ ಅದನ್ನು ನೋಡಿ ಲೆಕ್ಕ ಹಾಕುವಂತಿರಬೇಕು.

ಈ ಪರೀಕ್ಷೆಯಲ್ಲಿ ಪಾಸಾಗುವ ನಿಯಮ ನೋಡಬೇಕಾದರೆ ಜೂನ್ ತಿಂಗಳಲ್ಲಿ ಮಲ್ಪೆ ಬಂದರಿಗೆ ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೋಟುಗಳನ್ನು ಒಂದಕ್ಕೊಂದು ತಾಗಿಸಿ ಕಟ್ಟಿರುತ್ತಾರೆ. ದಕ್ಕೆಯಲ್ಲಿ ಬಲೆ ಹರಡಿಕೊಂಡು ಹರಿದ ಕಣ್ಣುಗಳನ್ನು ಹೆಣೆಯುತ್ತಾ ಕುಳಿತವರು ಕಾಣುತ್ತಾರೆ. ದೊಡ್ಡ ಧಣಿಯ ಬೋಟಿಗೂ ಸಾಲ ಮಾಡಿ ಕೊಂಡವನ ಬೋಟಿಗೂ ತಾರೀಕು ಒಂದೇ. ಯಾರ ಕೈಕಾಲು ಹಿಡಿಯುವ ಅಗತ್ಯವೂ ಇಲ್ಲ. ತಾರೀಕು ಗೊತ್ತಿರುವುದರಿಂದಲೇ ಮನೆಯ ಮದುವೆ, ಎಂಜಿನ್ ರಿಪೇರಿ ಎಲ್ಲ ಆ ಎರಡು ತಿಂಗಳಿಗೆ ಹೊಂದಿಕೊಳ್ಳುತ್ತವೆ.

ಎರಡನೆಯದಾಗಿ, ಈ ನಿಯಮ ಯಾರಿಗೆ ಆಗುವ ಹಾನಿಯನ್ನು ತಡೆಯುತ್ತದೆ ಎಂದು ಕೇಳಿ. ಮಿಲ್ 1859ರಲ್ಲಿ ಇಟ್ಟ ಅಳತೆಗೋಲು ಅದು: ಒಬ್ಬನ ಇಷ್ಟಕ್ಕೆ ವಿರುದ್ಧವಾಗಿ ಅವನನ್ನು ತಡೆಯುವುದಾದರೆ ಅದು ಇತರರಿಗೆ ಹಾನಿಯಾಗದಂತೆ ತಡೆಯುವುದಕ್ಕೆ ಮಾತ್ರ; ಅವನ ಒಳಿತಿಗಾಗಿ ಎಂಬುದು ಸಾಲದು. ಪಕ್ಕದ ಹೋಟೆಲಿನ ಕೊಳೆನೀರು ನಿಮ್ಮ ಬಾವಿಗೆ ಇಳಿದರೆ ಅದು ಹಾನಿ. ಪಕ್ಕದ ಮನೆಯಲ್ಲಿ ಬಂಗುಡೆ ಹುರಿಯುವ ವಾಸನೆ ನಿಮಗೆ ಹಿಡಿಸದಿದ್ದರೆ ಅದು ನೆರೆಕರೆ ಅಷ್ಟೇ. ಮೀನಿನ ವಿಷಯದಲ್ಲಿ ಹಾನಿ ನಿಜವಾದದ್ದು. ಕಡಲಿನ ಮೀನಿಗೆ ಒಡೆಯನಿಲ್ಲ. ಮರಿಯಿಡುವ ಕಾಲದಲ್ಲಿ ಎಲ್ಲರೂ ಬಾಚಿದರೆ ಎಲ್ಲರ ಬಲೆಯೂ ಬರಿದಾಗುತ್ತದೆ. ಉದಾರವಾದಿಗಳು ನಿಯಮವೇ ಬೇಡ ಎನ್ನುವವರೆಂದು ತಿಳಿದವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು.

ಮೂರನೆಯ ಪ್ರಶ್ನೆ ವಕೀಲನಾದ ನನಗೆ ಎಲ್ಲಕ್ಕಿಂತ ಇಷ್ಟ: ಉದ್ದೇಶಕ್ಕೆ ಬೇಕಾದುದಕ್ಕಿಂತ ನಿಯಮದ ಬಲೆ ದೊಡ್ಡದಾಗಿದೆಯೇ? ಇದಕ್ಕೆ ಬೀಡಿಯ ಪ್ರಕರಣವನ್ನು ತಿಳಿದಿರಲೇಬೇಕು. ನಮ್ಮ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಬೀಡಿ ಕಟ್ಟುವ ತಾಯಂದಿರನ್ನು ಕಾಣದೆ ಬೆಳೆದವರು ಕಡಿಮೆ. ಜಗಲಿಯಲ್ಲಿ ಗೋಡೆಗೆ ಒರಗಿ, ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು, ಕತ್ತರಿಸಿದ ಎಲೆಗೆ ಹೊಗೆಸೊಪ್ಪು ತುಂಬಿ ಸುರುಳಿ ಮಾಡಿ ನೂಲು ಸುತ್ತುವುದು; ಒಲೆಯ ಮೇಲೆ ಅನ್ನ ಬೇಯುವಾಗಲೂ ಕೈ ನಿಲ್ಲುವುದಿಲ್ಲ. ಮಧ್ಯಪ್ರದೇಶದ ಸಾಗರ ಜಿಲ್ಲೆಯಲ್ಲಿ ಇಂಥದೇ ಜನರ ಮೇಲೆ ಒಂದು ಆದೇಶ ಬಂತು. ಬೇಸಾಯಕ್ಕೆ ಆಳು ಸಿಗಬೇಕೆಂದು, ಬೇಸಾಯದ ಅವಧಿಯಲ್ಲಿ ಕೆಲವು ಗ್ರಾಮಗಳ ಯಾರೂ ಬೀಡಿ ಕಟ್ಟಬಾರದು ಎಂದು ಡೆಪ್ಯುಟಿ ಕಮಿಷನರ್ ಆಜ್ಞೆ ಹೊರಡಿಸಿದರು. 1948ರ ಒಂದು ಕಾಯ್ದೆ ಅವರಿಗೆ ಆ ಅಧಿಕಾರ ಕೊಟ್ಟಿತ್ತು. ಚಿಂತಾಮನ್ ರಾವ್ ಪ್ರಕರಣವೆಂದು ಪ್ರಸಿದ್ಧವಾದ ಆ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 1950ರಲ್ಲಿ ಆ ನಿಷೇಧವನ್ನು ಹೊಡೆದುಹಾಕಿತು. ಬೇಸಾಯಕ್ಕೆ ಆಳು ಬೇಕೆಂಬ ಉದ್ದೇಶವನ್ನು ನ್ಯಾಯಾಲಯ ತಪ್ಪೆನ್ನಲಿಲ್ಲ. ಗದ್ದೆಗೆ ಇಳಿಯಲಾಗದ ಅಶಕ್ತರು, ಅಂಗವಿಕಲರು, ಮನೆಯಲ್ಲಿ ಕುಳಿತು ನಾಲ್ಕು ಕಾಸು ಸಂಪಾದಿಸುವ ಹೆಂಗಸರು, ಇವರನ್ನೂ ಕೈಕಟ್ಟಿ ಕೂರಿಸುವ ನಿರ್ಬಂಧ ಸಮಂಜಸವಲ್ಲ ಎಂದಿತು. ಸಂವಿಧಾನದ 19(1)(ಜಿ) ವಿಧಿ ಉದ್ಯೋಗ, ವ್ಯಾಪಾರದ ಸ್ವಾತಂತ್ರ್ಯ ಕೊಡುತ್ತದೆ. 19(6) ಸಾರ್ವಜನಿಕ ಹಿತಕ್ಕಾಗಿ ಸಮಂಜಸ ನಿರ್ಬಂಧಕ್ಕೆ ಅವಕಾಶ ಕೊಡುತ್ತದೆ. ಜಗಳವೆಲ್ಲ ಆ ‘ಸಮಂಜಸ’ದ ಮೇಲೆಯೇ. ನಿಮ್ಮ ನಿಯಮಕ್ಕೆ ಬಂದಾಗ ಒಂದು ಹಾಳೆಯಲ್ಲಿ ಉದ್ದೇಶವನ್ನು ಒಂದು ಸಾಲಿನಲ್ಲಿ ಬರೆಯಿರಿ. ಅದರ ಕೆಳಗೆ, ಉದ್ದೇಶಕ್ಕೆ ಸಂಬಂಧವೇ ಇಲ್ಲದಿದ್ದರೂ ಸಿಕ್ಕಿಬೀಳುವವರ ಪಟ್ಟಿ ಮಾಡಿ. ಪಟ್ಟಿ ಉದ್ದವಾದರೆ ನಿಮ್ಮ ವಾದ ಸಿದ್ಧವಾಯಿತು.

ಆಮೇಲೆ, ಈ ನಿಯಮವನ್ನು ಕೇಳಿದವರು ಯಾರು ಎಂದು ವಿಚಾರಿಸಿ. ಆಡಂ ಸ್ಮಿತ್ ವ್ಯಾಪಾರಿಗಳ ಪಕ್ಷಪಾತಿ ಎಂದು ಹೇಳುವವರು ಅವನನ್ನು ಓದಿಲ್ಲ. ಒಂದೇ ಕಸುಬಿನವರು ಸೇರಿದರೆ ಮಾತು ಕೊನೆಗೆ ಬೆಲೆ ಏರಿಸುವ ಒಳಸಂಚಿಗೇ ಮುಟ್ಟುತ್ತದೆ ಎಂದು 1776ರಲ್ಲೇ ಬರೆದವನು ಅವನು. ಮಂಗಳೂರು, ಉಡುಪಿಯ ನಮಗೆ ಖಾಸಗಿ ಬಸ್ಸೆಂದರೆ ಹೆಮ್ಮೆ. ಆದರೆ ಅದೇ ರೂಟಿನಲ್ಲಿ ಹೊಸಬರಿಗೆ ಪರ್ಮಿಟ್ ಕೊಡಬೇಡಿ ಎಂಬ ಅರ್ಜಿಯನ್ನು ಬರೆಸಿಕೊಳ್ಳಲು ಬರುವವರೂ ಬಸ್ಸಿನವರೇ. 1988ರ ಮೋಟಾರು ವಾಹನ ಕಾಯ್ದೆ ಪರ್ಮಿಟ್ ಕೊಡುವುದನ್ನು ಸಡಿಲಗೊಳಿಸಿದಾಗ ಉತ್ತರ ಭಾರತದ ಹಳೆಯ ಬಸ್ ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ಮಿಥಿಲೇಶ್ ಗರ್ಗ್ ಪ್ರಕರಣದಲ್ಲಿ, 1991ರಲ್ಲಿ, ಅವರಿಗೆ ಸೋಲಾಯಿತು: ಪೈಪೋಟಿ ಬೇಡ ಎನ್ನುವುದು ಯಾರ ಮೂಲಭೂತ ಹಕ್ಕೂ ಅಲ್ಲ.

ಕಾಣದವರನ್ನು ಎಣಿಸುವುದು ಇನ್ನೊಂದು ಕೆಲಸ. 1850ರಲ್ಲಿ ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಬಾಸ್ತಿಯಾ ಹೇಳಿಕೊಟ್ಟದ್ದು. ರಸ್ತೆಬದಿಯ ಗಾಡಿ ತೆಗೆಸಿದರೆ ಫುಟ್‌ಪಾತ್ ಖಾಲಿಯಾದದ್ದು ಕಣ್ಣಿಗೆ ಕಾಣುತ್ತದೆ, ಚಿತ್ರವೂ ಬರುತ್ತದೆ. ಅಲ್ಲಿ ಅಗ್ಗದಲ್ಲಿ ತಿನ್ನುತ್ತಿದ್ದ ಕೂಲಿಯಾಳು ಎಲ್ಲಿ ಹೋದ ಎಂಬುದು ಯಾವ ಚಿತ್ರದಲ್ಲೂ ಇರುವುದಿಲ್ಲ. ಗಾಡಿಯವರೇ ಇದನ್ನು ಓದುತ್ತಿದ್ದರೆ, 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರತಿಯೊಂದನ್ನು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಎಬ್ಬಿಸುವಂತಿಲ್ಲ. ಆಮೇಲೂ ಸ್ಥಳಾಂತರಕ್ಕೆ 30 ದಿನಗಳ ನೋಟಿಸು ಬೇಕು. ಕಾಯ್ದೆಯಂತೆ ವಶಪಡಿಸಿಕೊಂಡ ಸರಕು ಬೇಗ ಕೆಡುವಂಥದಾದರೆ, ನೀವು ಕೇಳಿದ ದಿನವೇ ಹಿಂದಿರುಗಿಸಬೇಕು.

ಇಷ್ಟೆಲ್ಲ ಪ್ರಶ್ನೆಗಳನ್ನು ನಿಮಗೆ ಲಾಭ ತಂದ ಕಾನೂನಿಗೂ ಹಾಕಿ, ಕಷ್ಟ ಅಲ್ಲಿದೆ. ನಮ್ಮ ಅಜ್ಜ ಗೇಣಿ ಒಕ್ಕಲು. 1974ರ ಮಾರ್ಚ್ 1ರಂದು ಗೇಣಿ ಭೂಮಿಯೆಲ್ಲ ಕರ್ನಾಟಕದ ಭೂಸುಧಾರಣಾ ಕಾನೂನಿನ ಪ್ರಕಾರ ಸರಕಾರಕ್ಕೆ ಸೇರಿತು. ಅಜ್ಜ ನಮೂನೆ 7ರ ಅರ್ಜಿ ಹಾಕಿ, ಭೂನ್ಯಾಯ ಮಂಡಳಿಯ ಮುಂದೆ ನಿಂತು ಗದ್ದೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡರು. ನಾನು ಓದಿದ್ದು ಆ ಗದ್ದೆಯಿಂದ. ಆಸ್ತಿಯ ಹಕ್ಕಿನ ಬಗ್ಗೆ ಭಾಷಣ ಮಾಡುವಾಗ ಇದನ್ನು ನುಂಗಿಕೊಳ್ಳುವ ಹಾಗಿಲ್ಲ. ದುಡಿಮೆ ಬೆರೆಸಿದವನಿಗೆ ನೆಲ ಸೇರಬೇಕೆಂಬ ಲಾಕನ ಮಾತನ್ನು ಹಿಡಿದರೆ ಅಜ್ಜ ಗೆಲ್ಲುತ್ತಾರೆ. ಕಾಗದಪತ್ರ ಸರಿಯಿದ್ದವನ ಸ್ವತ್ತನ್ನು ಕಾನೂನು ಬದಲಿಸಿ ತೆಗೆಯಬಾರದು ಎಂದರೆ ಧಣಿಗಳು ಗೆಲ್ಲುತ್ತಾರೆ. ನಾನು ಅಜ್ಜನ ಪರ. ಆದರೆ ಸಣ್ಣ ತುಂಡು ಭೂಮಿಯನ್ನೇ ನೆಚ್ಚಿಕೊಂಡಿದ್ದ ವಿಧವೆಯರೂ ಧಣಿಗಳ ಪಟ್ಟಿಯಲ್ಲಿದ್ದರು ಎಂಬುದು ನನಗೆ ಗೊತ್ತು, ಮತ್ತು ಮೂರನೆಯ ಪ್ರಶ್ನೆಗೆ ಆ ಕಾನೂನಿನಿಂದ ಒಳ್ಳೆಯ ಉತ್ತರ ಸಿಗುವುದಿಲ್ಲ.

ಇನ್ನು ಬರವಣಿಗೆ. ಕರಡು ನಿಯಮವಾಗಿದ್ದರೆ ಅಧಿಸೂಚನೆಯಲ್ಲೇ ಆಕ್ಷೇಪಣೆ ಸಲ್ಲಿಸುವ ಗಡುವು, ವಿಳಾಸ ಇರುತ್ತದೆ. ಒಂದೇ ಪುಟ ಬರೆಯಿರಿ. ಯಾವ ಕಲಮು, ಅದರಲ್ಲಿ ಯಾವ ಮಾತು, ಅದರಿಂದ ಯಾರಿಗೆ ಏನು, ಅದರ ಬದಲಿಗೆ ಯಾವ ವಾಕ್ಯ ಬರಬೇಕು, ಇಷ್ಟೇ. ಬದಲಿ ವಾಕ್ಯವನ್ನು ನೀವೇ ಬರೆದುಕೊಡುವುದು ಬಹಳ ಮುಖ್ಯ. ಬರೀ ‘ಕೈಬಿಡಿ’ ಎಂಬ ಆಕ್ಷೇಪಣೆಗಳನ್ನು ಒಟ್ಟಿಗೆ ಕಟ್ಟಿ ಬದಿಗಿಡುವುದು ಸುಲಭ. ಸ್ವಾತಂತ್ರ್ಯ, ಸರ್ವಾಧಿಕಾರ ಮುಂತಾದ ದೊಡ್ಡ ಮಾತುಗಳನ್ನು ಭಾಷಣಕ್ಕೆ ಉಳಿಸಿಕೊಳ್ಳಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ತಾರೀಕು ಸಹಿತ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಬರಬೇಡಿ. ಉತ್ತರ ಬರದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ನಿಮ್ಮ ಆಕ್ಷೇಪಣೆಯ ಮೇಲೆ ಕಡತದಲ್ಲಿ ಬರೆದಿರುವ ಟಿಪ್ಪಣಿಗಳ ನಕಲನ್ನೇ ಕೇಳಿ. ಅದಕ್ಕೆ 30 ದಿನಗಳ ಒಳಗೆ ಉತ್ತರಿಸಬೇಕು, ಇಲ್ಲವಾದರೆ ಮೇಲ್ಮನವಿ.