ಇಂಗ್ಲೆಂಡಿನ ಗುಡ್ಡಗಳಲ್ಲಿ ಕಾರುಗಳ ಕಾಟವಿಲ್ಲದ ಸೈಕಲ್ ದಾರಿ ಹುಡುಕುವುದು ಹೇಗೆ?

ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ನಡುವೆ ಹರಡಿಕೊಂಡಿರುವ ಗುಡ್ಡಗಾಡು ಪೀಕ್ ಡಿಸ್ಟ್ರಿಕ್ಟ್. 1951ರಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನ ಆದದ್ದು ಇದೇ. ಓದಿಗೋ ಕೆಲಸಕ್ಕೋ ಆ ಕಡೆ ಹೋದ ನಮ್ಮವರು ಸೈಕಲ್ ಕೊಳ್ಳುತ್ತಾರೆ. ಮೊದಲ ಭಾನುವಾರ ಕಣ್ಣಿಗೆ ಬಿದ್ದ ದೊಡ್ಡ ರಸ್ತೆಯಲ್ಲೇ ಹೊರಡುತ್ತಾರೆ. ಲಾರಿಗಳು ಮೈ ಸವರಿಕೊಂಡು ಹೋದ ಹಾಗೆ ಹೋಗುತ್ತವೆ. ಎರಡನೇ ಭಾನುವಾರ ಸೈಕಲ್ ಮನೆಯಲ್ಲೇ ಉಳಿಯುತ್ತದೆ. ನನಗೂ ಹಾಗೇ ಆಗಿತ್ತು.

ಆಮೇಲೆ ಅಲ್ಲಿ ಓಡಾಡುತ್ತಾ ಒಂದು ಸಂಗತಿ ಮನಸ್ಸಿಗೆ ಬಂತು. ದೊಡ್ಡ ರಸ್ತೆ ಆದಷ್ಟೂ ಏರಿಲ್ಲದ ಜಾಗ ನೋಡಿಕೊಂಡು ಹೋಗುತ್ತದೆ. ಹಳ್ಳಿಯಿಂದ ಹಳ್ಳಿಗೆ ಹೋಗುವ ಹಳೇ ರಸ್ತೆ ಸೀದಾ ಗುಡ್ಡ ಹತ್ತುತ್ತದೆ. ಅವಸರದಲ್ಲಿರುವ ಕಾರಿನವರು ಅದರ ಗೊಡವೆಗೆ ಬರುವುದಿಲ್ಲ. ಏರು ತುಳಿಯಲು ನೀವು ತಯಾರಿದ್ದರೆ ಆ ರಸ್ತೆಯಲ್ಲಿ ನಿಮಗೆ ಕುರಿಗಳ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ.

ಮೊದಲು ಕಾಗದದ ನಕ್ಷೆ

ಫೋನಿನ ನಕ್ಷೆ ಸಾಕು ಅನಿಸಬಹುದು. ಆದರೆ ಊಟದ ಮೇಜಿನ ಮೇಲೆ ಹರಡಿಕೊಂಡು ಬೆರಳಿಟ್ಟು ಹುಡುಕಲು ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ನಕ್ಷೆಗೆ ಸಾಟಿ ಇಲ್ಲ. ರಸ್ತೆ ಸೈಕಲ್‌ಗೆ ಗುಲಾಬಿ ರಟ್ಟಿನ ಲ್ಯಾಂಡ್‌ರೇಂಜರ್ ಸರಣಿ ಒಳ್ಳೆಯದು. ಅದರ ಅಳತೆ 1:50,000. ಅಂದರೆ ನಕ್ಷೆಯ 2 ಸೆಂಟಿಮೀಟರ್ ನೆಲದ ಮೇಲೆ 1 ಕಿಲೋಮೀಟರ್. ಬಕ್ಸ್‌ಟನ್, ಬೇಕ್‌ವೆಲ್ ಊರುಗಳ ಕಡೆಗೆ 119ನೇ ಹಾಳೆ. ಅದಕ್ಕೂ ಉತ್ತರದ ಡರ್ವೆಂಟ್ ಕಣಿವೆಗೆ 110ನೇ ಹಾಳೆ.

ಈಗ ಬಣ್ಣ ನೋಡಿ. ಹಸಿರು, ಕೆಂಪು ಬಣ್ಣದ ಎ ರಸ್ತೆಗಳು, ಅಂದರೆ ದೊಡ್ಡ ರಸ್ತೆಗಳು, ಬೇಡ. ಅವುಗಳಿಗಿಂತ ಚಿಕ್ಕವಾದ, ಕಿತ್ತಳೆ ಬಣ್ಣದ ಬಿ ರಸ್ತೆಗಳನ್ನು ಅಡ್ಡ ದಾಟಲು ಮಾತ್ರ ಬಳಸಿ. ನಿಮಗೆ ಬೇಕಾದದ್ದು ಹಳದಿ ಗೆರೆ. ಅದರಲ್ಲೂ ಎರಡು ಬಗೆ ಇದೆ. ದಪ್ಪ ಗೆರೆ 4 ಮೀಟರ್‌ಗಿಂತ ಅಗಲದ ರಸ್ತೆ, ಸಣ್ಣ ಗೆರೆ ಅದಕ್ಕಿಂತ ಕಿರಿದು. ಸಣ್ಣ ಹಳದಿ ಗೆರೆಗಳನ್ನೇ ಒಂದಕ್ಕೊಂದು ಜೋಡಿಸುತ್ತಾ ಹೋಗಿ. ಎರಡು ಕಾರು ಎದುರುಬದುರಾದರೆ ಒಂದು ಹಿಂದೆ ಸರಿಯಬೇಕಾದ ರಸ್ತೆಗಳವು. ಕೆಲವು ಕಡೆ ಡಾಂಬರಿನ ನಟ್ಟನಡುವೆ ಉದ್ದಕ್ಕೂ ಹುಲ್ಲು ಬೆಳೆದಿರುತ್ತದೆ, ಗಾಡಿ ಜಾಡಿನಲ್ಲಿ ಬೆಳೆದ ಹಾಗೆ. ಅಂಥ ಹುಲ್ಲು ಕಂಡರೆ ಸರಿಯಾದ ದಾರಿಗೆ ಬಂದಿದ್ದೀರಿ ಅಂತಲೇ ಲೆಕ್ಕ.

ಗೆರೆಯ ಮೇಲೆ ಸಣ್ಣ ಬಾಣದ ತುದಿಯ ಗುರುತು ಇದೆಯೇ ನೋಡಿ. ಒಂದು ಬಾಣ ಅಂದರೆ 14ರಿಂದ 20 ಪರ್ಸೆಂಟ್ ಏರು. 100 ಮೀಟರ್ ಮುಂದೆ ಹೋಗುವಷ್ಟರಲ್ಲಿ 14 ಮೀಟರಾದರೂ ಮೇಲೇರಿರುತ್ತೀರಿ. ಎರಡು ಬಾಣ ಇದ್ದರೆ 20 ಪರ್ಸೆಂಟ್‌ಗೂ ಜಾಸ್ತಿ. ಬಾಣದ ಮೊನೆ ಇಳಿಜಾರಿನ ಕಡೆ ತೋರಿಸುತ್ತದೆ. ಹೊಸಬರು ಎರಡು ಬಾಣದ ರಸ್ತೆಯನ್ನು ಹತ್ತಲೂ ಬೇಡಿ, ಒದ್ದೆ ದಿನ ಇಳಿಯಲೂ ಬೇಡಿ.

ಒಂದು ಉದಾಹರಣೆ ಕೊಡುತ್ತೇನೆ. ಬೇಕ್‌ವೆಲ್‌ನಿಂದ ಬಕ್ಸ್‌ಟನ್‌ಗೆ ಎ6 ಹೆದ್ದಾರಿ ಇದೆ. ಅದು ಬಿಡಿ. ಮಾನ್ಸಲ್ ಹೆಡ್ ಅನ್ನುವ ಗುಡ್ಡದ ಮೇಲಿನ ಜಾಗದಿಂದ ಕಣಿವೆಗೆ ಇಳಿಯಿರಿ. ವೈ ನದಿಯ ಪಕ್ಕ ಅಪ್ಪರ್‌ಡೇಲ್, ಆಮೇಲೆ ಹಳೇ ಹತ್ತಿ ಗಿರಣಿಯ ಕ್ರೆಸ್‌ಬ್ರೂಕ್. ಅಲ್ಲಿಂದ ಕಾಡಿನ ನಡುವೆ ಗಟ್ಟಿ ಏರು. ಮೇಲೆ ಬಂದರೆ ಲಿಟ್ಟನ್ ಹಳ್ಳಿ, ಸುತ್ತ ಬಿಳಿ ಸುಣ್ಣಕಲ್ಲಿನ ಬೇಲಿಗಳು. ಗಾರೆ ಇಲ್ಲದೆ ಸುಮ್ನೆ ಕಲ್ಲಿನ ಮೇಲೆ ಕಲ್ಲು ಇಟ್ಟು ಕಟ್ಟಿದವು.

ಕಾರುಗಳಿಗೆ ಮುಚ್ಚಿದ ರಸ್ತೆ

ಇದು ನನಗೆ ತುಂಬಾ ಇಷ್ಟದ ಭಾಗ. ಡರ್ವೆಂಟ್ ಕಣಿವೆಯಲ್ಲಿ ಫೇರ್‌ಹೋಮ್ಸ್ ಅನ್ನುವ ಜಾಗದಿಂದ ಕಿಂಗ್ಸ್ ಟ್ರೀ ತನಕ ಡಾಂಬರು ರಸ್ತೆ ಇದೆ. ಶನಿವಾರ, ಭಾನುವಾರ ಮತ್ತು ಬ್ಯಾಂಕ್ ರಜೆಗಳಂದು (ಅಲ್ಲಿನ ಸಾರ್ವಜನಿಕ ರಜೆಗಳು) ಅಲ್ಲಿ ಕಾರು ಬಿಡುವುದಿಲ್ಲ. ರಸ್ತೆ ಜಲಾಶಯದ ನೀರಿನ ಅಂಚಿನಲ್ಲೇ ಬಳಸಿಕೊಂಡು ಹೋಗುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಲು ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

ಇಲ್ಲಿ ಸಾಲಾಗಿ ಮೂರು ಜಲಾಶಯಗಳಿವೆ: ಹೌಡನ್, ಡರ್ವೆಂಟ್, ಲೇಡಿಬವರ್. ಮೊದಲ ಎರಡರ ಅಣೆಕಟ್ಟೆ ಕಟ್ಟಿದ್ದು 1901ರಿಂದ 1916ರ ಒಳಗೆ. ಕಟ್ಟಿದ ಕೂಲಿಕಾರರಿಗಾಗಿ ಇದೇ ರಸ್ತೆ ಬದಿಯಲ್ಲಿ ತಗಡಿನ ಮನೆಗಳ ಒಂದು ಊರೇ ಇತ್ತು. ಹೆಸರು ಬರ್ಚಿನ್‌ಲೀ. ಶಾಲೆ, ಆಸ್ಪತ್ರೆ ಎಲ್ಲ ಇದ್ದವು. ಈಗ ಮರಗಳ ನಡುವೆ ಅಲ್ಲಲ್ಲಿ ಕಲ್ಲಿನ ಕಟ್ಟೆ ಮಾತ್ರ ಕಾಣುತ್ತದೆ. ಸೈಕಲ್ ನಿಲ್ಲಿಸಿ ನೋಡಿ. ಮುಂದೆ ಲೇಡಿಬವರ್ ತುಂಬಿದಾಗ ಡರ್ವೆಂಟ್ ಮತ್ತು ಆಶಪ್ಟನ್ ಹಳ್ಳಿಗಳು ಮುಳುಗಿದವು. ಮುಳುಗಡೆಯ ನೋವು ಗೊತ್ತಿರುವ ನಮ್ಮವರು ಆ ನೀರಿನ ಪಕ್ಕ ಸುಮ್ಮನೆ ದಾಟಿ ಹೋಗಲಾರರು.

ಹೋಗುವುದು ಹೇಗೆ? ಶೆಫೀಲ್ಡ್–ಮ್ಯಾಂಚೆಸ್ಟರ್ ರೈಲಿನಲ್ಲಿ ಬ್ಯಾಮ್‌ಫರ್ಡ್‌ನಲ್ಲಿ ಇಳಿಯಿರಿ. ಸಣ್ಣ ನಿಲ್ದಾಣಗಳಲ್ಲೂ ನಿಲ್ಲುವ ಗಾಡಿಯೇ ಹತ್ತಬೇಕು. ಸೈಕಲ್‌ಗೆ ಜಾಗ ಕಡಿಮೆ, ಬೆಳಿಗ್ಗೆಯ ಗಾಡಿ ಹಿಡಿಯಿರಿ. ಹತ್ತಿರದಲ್ಲೇ ಥಾರ್ನ್‌ಹಿಲ್ ಟ್ರೇಲ್ ಸಿಗುತ್ತದೆ. ಅಣೆಕಟ್ಟೆಗೆ ಕಲ್ಲು ಸಾಗಿಸಲು ಹಾಕಿದ್ದ ರೈಲು ದಾರಿ ಅದು, ಈಗ ಸೈಕಲ್ ದಾರಿ. ಲೇಡಿಬವರ್ ಕಟ್ಟೆಯಿಂದ ಫೇರ್‌ಹೋಮ್ಸ್ ತನಕ ಮಾತ್ರ ಸ್ವಲ್ಪ ದೂರ ವಾಹನಗಳ ಜೊತೆ ಹೋಗಬೇಕು. ಜಲಾಶಯದ ಪೂರ್ವ ದಂಡೆಯ ದಾರಿ ಕಲ್ಲುಮಣ್ಣಿನದು. ತೆಳು ಟೈರಿನವರು ಹೋದ ರಸ್ತೆಯಲ್ಲೇ ವಾಪಸ್ ಬನ್ನಿ.

ಏರೇ ಬೇಡ ಅನ್ನುವವರಿಗೆ

ಈಗ ಸೈಕಲ್‌ಗೆ ಬಿಟ್ಟಿರುವ ಹಳೇ ರೈಲು ದಾರಿಗಳಿವೆ. ಉಗಿಬಂಡಿ ಕಡಿದಾದ ಏರು ಹತ್ತಲಾರದು, ಹಾಗಾಗಿ ಗುಡ್ಡ ಕೊರೆದು, ಕಣಿವೆಗೆ ಸೇತುವೆ ಕಟ್ಟಿ ದಾರಿ ಮಾಡಿದ್ದರು. ಮಾನ್ಸಲ್ ಟ್ರೇಲ್ ಎಂಟೂವರೆ ಮೈಲಿ, ಅಂದರೆ ಸುಮಾರು 14 ಕಿಲೋಮೀಟರ್. ರೈಲು ನಿಂತದ್ದು 1968ರಲ್ಲಿ. ಸುರಂಗಗಳನ್ನು ಸೈಕಲ್‌ಗೆ ತೆರೆದದ್ದು 2011ರಲ್ಲಿ. ಒಳಗೆ ಹಗಲು ಹೊತ್ತಿನಲ್ಲಷ್ಟೇ ದೀಪ ಇರುತ್ತದೆ, ನಿಮ್ಮ ದೀಪ ನಿಮ್ಮ ಹತ್ತಿರ ಇರಲಿ. ಬೇಸಿಗೆಯಲ್ಲೂ ಒಳಗೆ ಥಂಡಿ. ಆಶ್‌ಬೋರ್ನ್‌ನಿಂದ ಪಾರ್ಸ್‌ಲೀ ಹೇ ತನಕದ ಟಿಸ್ಸಿಂಗ್‌ಟನ್ ಟ್ರೇಲ್ 13 ಮೈಲಿ. ಇವೆರಡರ ನೆಲ ಡಾಂಬರಲ್ಲ, ಬಿಗಿಯಾಗಿ ಕೂರಿಸಿದ ಸಣ್ಣ ಜಲ್ಲಿ.

ಯಾವಾಗ ಹೊರಡಬೇಕು

ಭಾನುವಾರ ಬೆಳಿಗ್ಗೆ ಏಳಕ್ಕೆ. ಹತ್ತರ ನಂತರ ಕಾರುಗಳು ಬರುತ್ತವೆ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆ ತನಕ ಬೆಳಕು, ಡಿಸೆಂಬರ್‌ನಲ್ಲಿ ನಾಲ್ಕಕ್ಕೆಲ್ಲ ಕತ್ತಲು. ಇನ್ನೊಂದು ಮಾತು ಹೊಸಬರಿಗೆ ಯಾರೂ ಹೇಳುವುದಿಲ್ಲ. ಹಕ್ಕಿಗಳು ಗೂಡು ಕಟ್ಟುವ ಕಾಲ ಅಂತ ಮಾರ್ಚ್‌ನಿಂದ ಆಗಸ್ಟ್ ತನಕ ರೈತರು ಬೇಲಿಗಿಡ ಕತ್ತರಿಸುವಂತಿಲ್ಲ. ಸೆಪ್ಟೆಂಬರ್ ಬಂದ ಮೇಲೆ ಕತ್ತರಿಸುತ್ತಾರೆ. ಹಾಥಾರ್ನ್ ಅನ್ನುವ ಬೇಲಿಗಿಡದ ಮುಳ್ಳು ರಸ್ತೆ ತುಂಬಾ ಬೀಳುತ್ತದೆ. ನಮ್ಮ ಜಾಲಿ ಮುಳ್ಳಿನ ಹಾಗೇ ಟೈರಿಗೆ ಇಳಿಯುತ್ತದೆ. ಎರಡು ಟ್ಯೂಬ್, ಪಂಪ್, ಪ್ಯಾಚ್ ಇಟ್ಟುಕೊಳ್ಳಿ. ಮುಳ್ಳನ್ನು ಟೈರಿನ ಒಳಗಿನಿಂದ ಬೆರಳಾಡಿಸಿ ಹುಡುಕಿ ಕಿತ್ತ ಮೇಲೆಯೇ ಹೊಸ ಟ್ಯೂಬ್ ಹಾಕಿ.

ಸೈಕಲ್, ಮತ್ತೆ ರಸ್ತೆಯ ಮೇಲೆ

ಗೇರ್ ನೋಡಿಕೊಳ್ಳಿ. ಪೆಡಲ್ ಹತ್ತಿರದ ಸಣ್ಣ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡ ಹಲ್ಲುಚಕ್ರಕ್ಕೂ 34 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಹಿಂದಿನ ಗಾಲಿಯೂ ಒಂದು ಸುತ್ತು. ಈ ಗುಡ್ಡಗಳಿಗೆ ಅಷ್ಟಾದರೂ ಬೇಕು. ಆಗದಿದ್ದರೆ ಇಳಿದು ತಳ್ಳಿ, ಅಲ್ಲಿ ಎಲ್ಲರೂ ತಳ್ಳುತ್ತಾರೆ.

ನಮ್ಮಲ್ಲಿನ ಹಾಗೇ ಎಡಗಡೆ ಹೋಗಬೇಕು. ಆದರೆ ಬೇಲಿಗೆ ಅಂಟಿಕೊಂಡು ಬೇಡ. ಕಿರಿದಾದ ರಸ್ತೆಯಲ್ಲಿ ನಡುವೆ ಹೋಗಿ, ತಿರುವಿನಲ್ಲಿ ಎದುರಿನವರಿಗೆ ನೀವು ಬೇಗ ಕಾಣುತ್ತೀರಿ. 2022ರ ಹೈವೇ ಕೋಡ್ (ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕ) ಸಹ ಹೀಗೇ ಹೇಳುತ್ತದೆ. ಹಿಂದೆ ಕಾರು ಬಂದರೆ ಜಾಗ ಸಿಕ್ಕಾಗ ಬದಿಗೆ ನಿಂತು ಬಿಟ್ಟುಕೊಡಿ. ದನಕರು ದಾಟದಂತೆ ರಸ್ತೆಗೆ ಅಡ್ಡ ಹಾಕಿದ ಕಬ್ಬಿಣದ ಸರಳುಗಳು ಸಿಗುತ್ತವೆ. ಅವುಗಳ ಮೇಲೆ ಹ್ಯಾಂಡಲ್ ನೇರ ಇಟ್ಟು ಹೋಗಿ, ಬ್ರೇಕ್ ಮುಟ್ಟಬೇಡಿ. ಮಳೆ ಬಿದ್ದಿದ್ದರೆ ಇಳಿದು ನಡೆಯಿರಿ. ಕುದುರೆ ಸವಾರರು ಮುಂದಿದ್ದರೆ ಬೆಲ್ ಹೊಡೆಯಬೇಡಿ, ಕುದುರೆ ಬೆದರುತ್ತದೆ. ದೂರದಿಂದಲೇ ಮೆಲ್ಲಗೆ 'ಹಲೋ' ಅನ್ನಿ. ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮತ್ತೆ ಮುಚ್ಚಿ, ತೆರೆದಿದ್ದರೆ ಹಾಗೇ ಬಿಡಿ. ವಸಂತದಲ್ಲಿ ಮರಿ ಹಾಕಿದ ಕುರಿಗಳು ರಸ್ತೆಯಲ್ಲೇ ಮಲಗಿರುತ್ತವೆ. ನಿಂತು ಕಾಯಿರಿ, ತಾಯಿ ಎದ್ದರೆ ಮರಿಯೂ ಹಿಂದೆಯೇ ಹೋಗುತ್ತದೆ.