ಮಾಂಟೆಸ್ಸರಿ ಶಾಲೆಯ ಶಿಕ್ಷಕರಿಗೂ ಸಿಬ್ಬಂದಿಗೂ ವರ್ಷವಿಡೀ ತರಬೇತಿ: ಶಾಲೆಯೊಳಗೇ ನಡೆಸುವ ಬಗೆ

ನಮ್ಮ ಕಡೆಯ ಅನೇಕ ಮಾಂಟೆಸ್ಸರಿ ಶಾಲೆಗಳಲ್ಲಿ ಶಿಕ್ಷಕರ ತರಬೇತಿಯೆಂದರೆ ಮೇ ತಿಂಗಳ ಕೊನೆಯಲ್ಲಿ ನಡೆಯುವ ಎರಡು ದಿನಗಳ ಕಾರ್ಯಾಗಾರ. ಹೊರಗಿನಿಂದ ಸಂಪನ್ಮೂಲ ವ್ಯಕ್ತಿಯೊಬ್ಬರು ಬರುತ್ತಾರೆ, ಪರದೆಯ ಮೇಲೆ ಚಿತ್ರಗಳನ್ನು ತೋರಿಸಿ ಒಳ್ಳೆಯ ಮಾತುಗಳನ್ನು ಹೇಳುತ್ತಾರೆ, ಸಂಜೆ ಪ್ರಮಾಣಪತ್ರ ಹಂಚುತ್ತಾರೆ. ಜೂನ್ ಮೊದಲ ವಾರದಲ್ಲಿ ಹೊಸ ಮಕ್ಕಳ ಅಳು ಶುರುವಾದೊಡನೆ ಕೇಳಿದ್ದರಲ್ಲಿ ಬಹುಪಾಲು ಮರೆತುಹೋಗುತ್ತದೆ. ಇದರಲ್ಲಿ ಶಿಕ್ಷಕರ ತಪ್ಪೇನೂ ಇಲ್ಲ. ಮಗು ಸಾಮಗ್ರಿಗಳೊಂದಿಗೆ ತಾನೇ ಕೆಲಸ ಮಾಡುತ್ತ ಕಲಿಯುವ ಈ ಪದ್ಧತಿಯಲ್ಲಿ ದೊಡ್ಡವರು ಕಲಿಯಬೇಕಾದದ್ದು ಕೈಯ ನಿಧಾನ, ಕಣ್ಣಿನ ತಾಳ್ಮೆ ಮತ್ತು ಮಾತಿನ ಮಿತಿ. ಸಂಗೀತದ ಪಾಠದ ಹಾಗೆ ಇವು ಸಾಧನೆಯಿಂದ ಮಾತ್ರ ಬರುತ್ತವೆ, ಕೇಳಿ ತಿಳಿದುಕೊಂಡ ಮಾತ್ರಕ್ಕೆ ಬರುವುದಿಲ್ಲ. ಆದ್ದರಿಂದ ತರಬೇತಿಯನ್ನು ವಾರದ ಕೆಲಸವನ್ನಾಗಿ ಮಾಡಿಕೊಳ್ಳುವುದು ಹೇಗೆಂಬುದನ್ನು, ನಾಲ್ಕೈದು ಶಿಕ್ಷಕಿಯರು ಮತ್ತು ಇಬ್ಬರು ಆಯಾಗಳಿರುವ ಸಣ್ಣ ಶಾಲೆಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ.

ಮೊದಲು ಸಮಯವನ್ನು ಗೊತ್ತುಮಾಡಿಕೊಳ್ಳಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿಯೊಬ್ಬ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳನ್ನು ತಮ್ಮ ವೃತ್ತಿಯ ಬೆಳವಣಿಗೆಗೆ ಕೊಡಬೇಕೆಂದು ನಿರೀಕ್ಷಿಸುತ್ತದೆ. ದಸರಾ ರಜೆಯನ್ನು ಕಳೆದು ವರ್ಷಕ್ಕೆ ಸುಮಾರು 40 ವಾರ ಶಾಲೆ ನಡೆಯುತ್ತದೆ ಎಂದುಕೊಂಡರೆ, ವಾರಕ್ಕೆ 75 ನಿಮಿಷದಂತೆ ಸರಿಯಾಗಿ 50 ಗಂಟೆಯಾಗುತ್ತದೆ. ಶನಿವಾರ ಅರ್ಧ ದಿನ ಶಾಲೆಯಿದ್ದರೆ ಮಕ್ಕಳು ಹೊರಟ ಮೇಲೆ ತಿಂಡಿ ಮುಗಿಸಿ ಕುಳಿತುಕೊಳ್ಳಬಹುದು. ಒಂದು ವಿಷಯದಲ್ಲಿ ಮಾತ್ರ ಆಡಳಿತ ಮಂಡಳಿಯೊಂದಿಗೆ ರಾಜಿಯಾಗಬಾರದು: ಈ 75 ನಿಮಿಷಗಳು ಸಂಬಳದ ಅವಧಿಯೊಳಗೇ ಇರಬೇಕು. ಮನೆಯಲ್ಲಿ ಮಗು ಕಾಯುತ್ತಿರುವಾಗ, ಬಸ್ಸು ತಪ್ಪುವ ಆತಂಕದಲ್ಲಿ, ಸಂಬಳವಿಲ್ಲದ ಹೊತ್ತಿನಲ್ಲಿ ಯಾರನ್ನೂ ಕಲಿಯಲು ಕೂರಿಸುವುದು ನ್ಯಾಯವಲ್ಲ. ಹಾಗೆಯೇ ವಾರ್ಷಿಕೋತ್ಸವದ ನೃತ್ಯ, ಶುಲ್ಕದ ಬಾಕಿ, ಸಮವಸ್ತ್ರದ ಬಣ್ಣ ಇವು ಯಾವುವೂ ಈ ಹೊತ್ತಿನೊಳಗೆ ನುಸುಳದಂತೆ ನೋಡಿಕೊಳ್ಳಬೇಕು. ಅವುಗಳಿಗೆ ಬೇರೆ ಸಭೆ ಇರಲಿ.

ಅವಲೋಕನದಿಂದ ಆರಂಭ

ಮರಿಯಾ ಮಾಂಟೆಸ್ಸರಿ ಮೂಲತಃ ವೈದ್ಯೆ. 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಬಡಾವಣೆಯಲ್ಲಿ ತಮ್ಮ ಮೊದಲ ಶಾಲೆಯಾದ ‘ಮಕ್ಕಳ ಮನೆ’ ತೆರೆದಾಗ, ರೋಗಿಯನ್ನು ನೋಡುವ ವೈದ್ಯರ ಕಣ್ಣಿನಿಂದಲೇ ಅವರು ಮಕ್ಕಳನ್ನು ನೋಡಿದರು. ಮೊದಲು ನೋಡುವುದು, ಬರೆದುಕೊಳ್ಳುವುದು, ಆಮೇಲೆ ತೀರ್ಮಾನ. ಪದ್ಧತಿ ಹುಟ್ಟಿದ್ದೇ ಹೀಗಿರುವಾಗ ಶಿಕ್ಷಕರ ತರಬೇತಿಯೂ ಇಲ್ಲಿಂದಲೇ ಶುರುವಾಗಬೇಕು. ಡಿಪ್ಲೊಮಾ ಓದುವಾಗ ಎಲ್ಲರೂ ಅವಲೋಕನ ಮಾಡಿರುತ್ತಾರೆ. ಕೆಲಸಕ್ಕೆ ಸೇರಿ ಮೂವತ್ತು ಮಕ್ಕಳ ನಡುವೆ ನಿಂತ ಮೇಲೆ ಮೊದಲು ಬಿಟ್ಟುಹೋಗುವ ಅಭ್ಯಾಸವೂ ಅದೇ.

ಪ್ರತಿ ಶಿಕ್ಷಕಿಗೂ ವಾರದಲ್ಲಿ ಒಮ್ಮೆ 20 ನಿಮಿಷ ಬಿಡುವು ಮಾಡಿಕೊಡಿ. ಆ ಹೊತ್ತಿನಲ್ಲಿ ಅವರ ಕೊಠಡಿಯನ್ನು ಮುಖ್ಯ ಶಿಕ್ಷಕಿಯೋ ಸಹಾಯಕಿಯೋ ನೋಡಿಕೊಳ್ಳಲಿ. ಅವಲೋಕನ ಮಾಡುವವರು ಗೋಡೆಯ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂರಬೇಕು, ಒಂದೇ ಮಗುವನ್ನು ಆರಿಸಿಕೊಳ್ಳಬೇಕು, ನೋಟ್‌ಬುಕ್ಕಿನ ಎಡಬದಿಯಲ್ಲಿ ಗಂಟೆ, ಬಲಬದಿಯಲ್ಲಿ ಕಂಡದ್ದು ಬರೆಯಬೇಕು. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಮಾತ್ರ ಬರೆಯಬೇಕು ಎಂಬುದೊಂದೇ ನಿಯಮ. ‘ಹಠ ಮಾಡಿದಳು’ ಎಂಬುದು ನಮ್ಮ ತೀರ್ಪು. ‘ಚಾಪೆಯನ್ನು ಸುತ್ತಲು ಹೇಳಿದಾಗ ಎರಡು ಬಾರಿ ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದಳು’ ಎಂಬುದು ಅವಲೋಕನ. ಮೊದಲ ತಿಂಗಳು ಎಲ್ಲರ ಪುಸ್ತಕದಲ್ಲೂ ತೀರ್ಪುಗಳೇ ತುಂಬಿರುತ್ತವೆ. ಸಭೆಯಲ್ಲಿ ಅವುಗಳನ್ನು ಗಟ್ಟಿಯಾಗಿ ಓದಿ, ತೀರ್ಪಿನ ಪದಗಳಿಗೆ ಎಲ್ಲರೂ ಸೇರಿ ಅಡಿಗೆರೆ ಎಳೆದರೆ ಎರಡನೆಯ ತಿಂಗಳಿಗೆ ಭಾಷೆ ತಾನಾಗಿ ಶುದ್ಧವಾಗುತ್ತದೆ.

ಇದರಿಂದ ಏನು ಸಿಗುತ್ತದೆ ಎಂಬುದಕ್ಕೆ ನನ್ನ ಕಣ್ಣು ತೆರೆಸಿದ ಒಂದು ಪುಟವನ್ನು ಇಲ್ಲಿ ಕೊಡುತ್ತೇನೆ. ನಾಲ್ಕು ವರ್ಷದ ಹುಡುಗನೊಬ್ಬನ ಬಗ್ಗೆ ಸಹೋದ್ಯೋಗಿಯೊಬ್ಬರು ಬರೆದದ್ದು ಹೀಗಿತ್ತು. ‘9.40: ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿಗೆ ತಂದ. 9.42: ಬಲಗಡೆಯ ಜಗ್ಗಿನಿಂದ ಎಡಗಡೆಯ ಜಗ್ಗಿಗೆ ನೀರು ಸುರಿದ. ಮೂರು ಹನಿ ತಟ್ಟೆಯ ಮೇಲೆ ಬಿತ್ತು. ಹನಿಗಳನ್ನು ನೋಡಿದ. ಸ್ಪಂಜನ್ನು ನೋಡಿದ. 9.43: ಆಂಟಿ ಬಂದು ಸ್ಪಂಜಿನಿಂದ ಒರೆಸಿದರು. ಹುಡುಗ ಜಗ್ಗುಗಳನ್ನು ಅಲ್ಲೇ ಬಿಟ್ಟು ಎದ್ದುಹೋದ.’ ಒರೆಸಿದ ಆ ಆಂಟಿ ನಾನೇ. ಮಗುವಿಗೆ ನೆರವಾದೆ ಎಂದೇ ಅಂದು ನಾನು ತಿಳಿದಿದ್ದೆ. ಹನಿಯಿಂದ ಸ್ಪಂಜಿನ ಕಡೆಗೆ ಹೊರಳಿದ ಆ ನೋಟದಲ್ಲೇ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಕೆಲಸ ಶುರುವಾಗಿತ್ತೆಂದೂ, ಅದನ್ನು ನಾನು ಕಿತ್ತುಕೊಂಡೆನೆಂದೂ ಅರ್ಥವಾಗಲು ಆ ಪುಟ ಬೇಕಾಯಿತು. ಯಾವ ಕಾರ್ಯಾಗಾರವೂ ಇದನ್ನು ನನಗೆ ಕಲಿಸಿರಲಿಲ್ಲ.

ಇಂಥ ಪುಟವನ್ನು ಸಭೆಯಲ್ಲಿ ಓದುವಾಗ ‘ನೀವು ಹೀಗೆ ಮಾಡಬಾರದಿತ್ತು’ ಎಂದು ಯಾರೂ ಹೇಳಬೇಕಾಗಿಲ್ಲ. ಓದಿ ಸುಮ್ಮನಾದರೆ ಸಾಕು, ಮುಂದಿನ ಮಾತನ್ನು ಸಂಬಂಧಪಟ್ಟವರೇ ಆಡುತ್ತಾರೆ. ಹೊಸಬರಿಗೆ ಭಯವಾಗದಿರಲೆಂದು ಮೊದಲ ನಾಲ್ಕು ವಾರ ಮುಖ್ಯ ಶಿಕ್ಷಕಿಯ ಕೆಲಸದ ಅವಲೋಕನವನ್ನೇ ಓದಬೇಕು. ಅವಲೋಕನದ ಪುಸ್ತಕವನ್ನು ಸಂಬಳದ ಹೆಚ್ಚಳಕ್ಕೋ ಎಚ್ಚರಿಕೆಯ ಪತ್ರಕ್ಕೋ ಬಳಸಿದ ದಿನವೇ ಅದರಲ್ಲಿ ನಿಜ ಬರೆಯುವುದು ನಿಂತುಹೋಗುತ್ತದೆ ಎಂಬುದನ್ನು ಆಡಳಿತದವರು ಮರೆಯಬಾರದು.

ಪ್ರೆಸೆಂಟೇಷನ್ನಿನ ಮರು ಅಭ್ಯಾಸ

ಸಭೆಯ ಎರಡನೆಯ ಅರ್ಧವನ್ನು ಪ್ರೆಸೆಂಟೇಷನ್ನಿಗೆ, ಅಂದರೆ ಸಾಮಗ್ರಿಯನ್ನು ಬಳಸುವ ಬಗೆಯನ್ನು ಮಗುವಿಗೆ ಮಾಡಿ ತೋರಿಸುವ ಅಭ್ಯಾಸಕ್ಕೆ ಮೀಸಲಿಡಿ. ಡಿಪ್ಲೊಮಾ ಕಾಲದಲ್ಲಿ ಬರೆದ ಆಲ್ಬಂಗಳು, ಅಂದರೆ ಪ್ರತಿ ಸಾಮಗ್ರಿಯನ್ನು ತೋರಿಸುವ ಕ್ರಮವಿರುವ ಪುಸ್ತಕಗಳು, ಎಷ್ಟೋ ಶಿಕ್ಷಕಿಯರ ಮನೆಯ ಅಟ್ಟದಲ್ಲಿವೆ. ಅವು ಶಾಲೆಗೆ ಬರಲಿ. ಪ್ರತಿ ವಾರ ಒಂದೇ ಸಾಮಗ್ರಿ. ಒಬ್ಬರು ಶಿಕ್ಷಕಿಯಾಗಿ, ಇನ್ನೊಬ್ಬರು ಮಗುವಾಗಿ ಚಾಪೆಯ ಮುಂದೆ ಕೂರಬೇಕು, ಮೂರನೆಯವರು ಆಲ್ಬಂ ಹಿಡಿದು ನೋಡುತ್ತಿರಬೇಕು. ಒಂದರ ಮೇಲೊಂದು ಜೋಡಿಸುವ ಪಿಂಕ್ ಟವರಿನ ಹತ್ತು ಘನಗಳನ್ನು ಕಪಾಟಿನಿಂದ ಒಂದೊಂದಾಗಿ ತರುವುದರಿಂದ ಹಿಡಿದು ಮತ್ತೆ ಒಂದೊಂದಾಗಿ ಮರಳಿಸುವವರೆಗೆ ಪೂರ್ತಿ ಮಾಡಬೇಕು. ವರ್ಷಗಟ್ಟಲೆ ಕೆಲಸ ಮಾಡಿದವರ ಕೈಯೂ ಅವಸರಕ್ಕೆ ಬಿದ್ದಿರುವುದು ಆಗ ಕಾಣುತ್ತದೆ.

ಮಾತಿನ ಲೆಕ್ಕವನ್ನೂ ಹೀಗೆಯೇ ಇಡಬೇಕು. ಮೂರು ಹಂತದ ಪಾಠದಲ್ಲಿ ಮೊದಲು ‘ಇದು ಒರಟು, ಇದು ನುಣುಪು’ ಎಂದು ಹೆಸರಿಸುವುದು, ಆಮೇಲೆ ‘ಒರಟು ಯಾವುದು, ತೋರಿಸು’ ಎಂದು ಕೇಳುವುದು, ಕೊನೆಗೆ ‘ಇದು ಏನು?’ ಎಂದು ಕೇಳುವುದು. ಇಷ್ಟೇ ಮಾತು. ನಮ್ಮ ಬಾಯಿಯಲ್ಲಿ ಅದು ‘ನೋಡು ಪುಟ್ಟಾ, ಇದನ್ನು ಮುಟ್ಟಿದರೆ ಒರಟು ಒರಟಾಗಿದೆ ಅಲ್ವಾ, ನಿಮ್ಮ ಮನೆಯಲ್ಲೂ ಇಂಥದ್ದು ಇದೆಯಾ’ ಎಂದು ಬೆಳೆಯುತ್ತದೆ. ಪ್ರೀತಿಯಿಂದ ಆಡಿದ ಮಾತೇ ಆದರೂ ಬೆರಳಿನ ತುದಿಯಲ್ಲಿರಬೇಕಾದ ಮಗುವಿನ ಗಮನ ಅದರಿಂದ ಚದುರುತ್ತದೆ. ನೋಡುತ್ತಿರುವವರು ಹೆಚ್ಚುವರಿ ಪದಗಳನ್ನು ಎಣಿಸಿ ಹೇಳಿದರೆ ಸಾಕು, ಬೇರೆ ವಿಮರ್ಶೆ ಬೇಡ. ಎರಡನೆಯ ಹಂತವನ್ನು ಬೇಗ ಮುಗಿಸಿ ಮೂರನೆಯದಕ್ಕೆ ಹಾರುವುದು ಎಲ್ಲರಲ್ಲೂ ಕಾಣುವ ಇನ್ನೊಂದು ದೋಷ. ಮಗುವಿಗೆ ನಿಜವಾಗಿ ಅಭ್ಯಾಸವಾಗುವುದು ಎರಡನೆಯ ಹಂತದಲ್ಲಿ.

ಕನ್ನಡದ ಅಕ್ಷರಗಳಿಗೆ ಕನಿಷ್ಠ ಎಂಟು ಸಭೆಗಳನ್ನು ಕೊಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಇಲ್ಲಿ ಇಂಗ್ಲಿಷ್ ಆಲ್ಬಂ ನಮ್ಮ ಕೈ ಹಿಡಿಯುವುದಿಲ್ಲ. ಇಂಗ್ಲಿಷಿನ 26 ಅಕ್ಷರಗಳಲ್ಲಿ ಸ್ವರವೂ ವ್ಯಂಜನವೂ ಬಿಡಿಬಿಡಿಯಾಗಿ ನಿಲ್ಲುತ್ತವೆ. ನಮ್ಮ ‘ಕ’ದಲ್ಲಿ ‘ಅ’ ಅಡಗಿ ಕುಳಿತಿದೆ. ಪದ ಜೋಡಿಸಲು ಬಿಡಿ ಅಕ್ಷರಗಳಿರುವ ‘ಚರ ಅಕ್ಷರ’ಗಳ ಪೆಟ್ಟಿಗೆಯಲ್ಲಿ ‘ಕಿ’ ಎಂಬುದನ್ನು ಮಗು ಹೇಗೆ ಜೋಡಿಸಬೇಕು? ಗುಣಿತಾಕ್ಷರಗಳನ್ನೆಲ್ಲ ಬಿಡಿಯಾಗಿ ಕತ್ತರಿಸಿದರೆ 34 ವ್ಯಂಜನಗಳಿಗೆ 15 ರೂಪಗಳಂತೆ 510 ತುಂಡುಗಳಾಗುತ್ತವೆ, ಒತ್ತಕ್ಷರಗಳು ಬೇರೆ. ಆದ್ದರಿಂದ ಯಾವುದನ್ನು ಇಡಬೇಕು, ಯಾವುದನ್ನು ಮುಂದಿನ ಹಂತಕ್ಕೆ ಬಿಡಬೇಕು ಎಂಬುದನ್ನು ಶಾಲೆಯವರೇ ಕುಳಿತು ತೀರ್ಮಾನಿಸಿ ಬರೆದಿಡಬೇಕು. ಬೆರಳಿನಿಂದ ತಿದ್ದುವ ಸ್ಯಾಂಡ್‌ಪೇಪರ್ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಕೊಡಬೇಕೇ ಅಥವಾ ನಮ್ಮ ಕನ್ನಡ ಶಾಲೆಗಳಲ್ಲಿ ರೂಢಿಯಲ್ಲಿರುವ ‘ರ ಗ ಸ ದ ಅ’ ಕ್ರಮದಲ್ಲಿ ಕೊಡಬೇಕೇ ಎಂಬುದೂ ಇಲ್ಲೇ ಇತ್ಯರ್ಥವಾಗಲಿ. ಆಕಾರದ ಹೋಲಿಕೆಯಿರುವ ಅಕ್ಷರಗಳನ್ನು ಒಟ್ಟಿಗೆ ತರುವುದರಿಂದ ಬೆರಳಿಗೆ ಹಾದಿ ಸುಲಭವಾಗುತ್ತದೆ ಎಂದು ನಾನು ಎರಡನೆಯದನ್ನೇ ಆರಿಸಿಕೊಂಡಿದ್ದೇನೆ. ಆದರೆ ಬೇಗ ತಿಳಿದುಕೊಳ್ಳಬೇಕಾದ ಸಂಗತಿ ಇನ್ನೊಂದಿದೆ: ಎಲ್ಲ ಶಿಕ್ಷಕಿಯರನ್ನೂ ಒಂದೇ ಅಕ್ಷರದ ಮೇಲೆ ಬೆರಳಾಡಿಸಲು ಹೇಳಿ ನೋಡಿ. ಒಬ್ಬರು ತಲಕಟ್ಟನ್ನು ಮೊದಲು ತಿದ್ದುತ್ತಾರೆ, ಇನ್ನೊಬ್ಬರು ಕೊನೆಯಲ್ಲಿ. ಬೆಳಿಗ್ಗೆ ಒಂದು ಕೊಠಡಿಯಲ್ಲಿ, ಮಧ್ಯಾಹ್ನ ಇನ್ನೊಂದರಲ್ಲಿ ಇರುವ ಮಗುವಿನ ಬೆರಳು ಎರಡು ದಾರಿ ಕಲಿಯುತ್ತದೆ. ಒಮ್ಮತದ ದಾರಿಯನ್ನು ಬಾಣದ ಗುರುತಿನೊಂದಿಗೆ ಒಂದು ಹಾಳೆಯಲ್ಲಿ ಬರೆದು ಎಲ್ಲರ ಆಲ್ಬಮ್ಮಿಗೂ ಅಂಟಿಸಿ.

ಉಚ್ಚಾರಣೆಯ ಅಭ್ಯಾಸವೂ ಇದರ ಜೊತೆಗೇ ನಡೆಯಲಿ. ‘ಲ’ ಮತ್ತು ‘ಳ’, ‘ಸ’ ಮತ್ತು ‘ಶ’, ಅಲ್ಪಪ್ರಾಣ ಮತ್ತು ಮಹಾಪ್ರಾಣ ಇವುಗಳ ವ್ಯತ್ಯಾಸ ಆಡುಮಾತಿನಲ್ಲಿ ಊರಿಂದೂರಿಗೆ ಬದಲಾಗುತ್ತದೆ. ಯಾರ ಮನೆಮಾತನ್ನೂ ಕೀಳಾಗಿ ಕಾಣದೆ, ಅಕ್ಷರದ ಧ್ವನಿಯನ್ನು ಹೇಳಿಕೊಡುವ ಕ್ಷಣದಲ್ಲಿ ಮಾತ್ರ ಸ್ಪಷ್ಟತೆ ಇರಲಿ ಎಂದು ಕೇಳಿಕೊಂಡರೆ ಯಾರಿಗೂ ನೋವಾಗುವುದಿಲ್ಲ.

ಆಯಾ, ಚಾಲಕರು, ಕಚೇರಿಯವರು

ತರಬೇತಿ ಶಿಕ್ಷಕಿಯರಿಗೆ ಮಾತ್ರ ಎಂದು ಭಾವಿಸಿದ ಶಾಲೆಯಲ್ಲಿ ಪಿಂಕ್ ಟವರಿನ ಅತಿ ಚಿಕ್ಕ ಘನ ಒಂದಲ್ಲ ಒಂದು ದಿನ ಕಸದ ಜೊತೆ ಹೋಗುತ್ತದೆ. ಅದರ ಬದಿ ಕೇವಲ 1 ಸೆಂಟಿಮೀಟರ್. ಗುಡಿಸುವವರಿಗೆ ಅದು ಮರದ ಚೂರು. ತಿಂಗಳಿಗೊಮ್ಮೆ ಸಭೆಗೆ ಆಯಾಗಳನ್ನು ಕರೆದು ಪ್ರತಿ ಕಪಾಟಿನ ಸಾಮಗ್ರಿಯನ್ನು ಅವರ ಕೈಗೇ ಕೊಟ್ಟು ತೋರಿಸಿ. ಅಳತೆಗೆ ತಕ್ಕ ಕುಳಿಗಳಲ್ಲಿ ಸಿಲಿಂಡರುಗಳನ್ನು ಕೂರಿಸುವ ಸಿಲಿಂಡರ್ ಬ್ಲಾಕಿನಲ್ಲಿ ಒಂದು ಸಿಲಿಂಡರ್ ಇಲ್ಲದಿದ್ದರೆ ಒಂದು ಕುಳಿ ಖಾಲಿ ಉಳಿದು, ಮಗು ಸರಿಯಾಗಿ ಮಾಡಿದರೂ ತಪ್ಪಾದಂತೆ ಕಾಣುತ್ತದೆ ಎಂಬುದನ್ನು ಅವರೇ ಜೋಡಿಸಿ ನೋಡಿದರೆ ಮತ್ತೆ ಹೇಳಬೇಕಾಗುವುದಿಲ್ಲ. ಮಗು ಚಪ್ಪಲಿ ಹಾಕಿಕೊಳ್ಳಲು ಐದು ನಿಮಿಷ ತೆಗೆದುಕೊಂಡರೆ ಕಾಯುವುದು, ಚೆಲ್ಲಿದ ನೀರನ್ನು ತಾವೇ ಒರೆಸದೆ ಬಟ್ಟೆ ಎಲ್ಲಿದೆಯೆಂದು ತೋರಿಸುವುದು, ಇವು ಆಯಾಗಳ ತರಬೇತಿಯ ತಿರುಳು. ವ್ಯಾನಿನ ಚಾಲಕರಿಗೆ ಮಗುವನ್ನು ಎತ್ತಿ ಇಳಿಸುವ ಬದಲು ಕೈ ಆಸರೆ ಕೊಟ್ಟು ಇಳಿಯಗೊಡುವುದನ್ನು ಹೇಳಿಕೊಡಬೇಕು.

ಮಕ್ಕಳ ಸುರಕ್ಷತೆಯ ವಿಷಯದಲ್ಲಿ ಮಾತ್ರ ಯಾರಿಗೂ ವಿನಾಯಿತಿಯಿಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಶಾಲೆಯ ಹೆಸರು ಉಳಿಸಲು ಮುಚ್ಚಿಡುವುದು ಅಪರಾಧ. ಜೂನ್ ತಿಂಗಳ ಒಂದು ಸಭೆಯಲ್ಲಿ ಇದನ್ನು ಕನ್ನಡದಲ್ಲಿ ಓದಿ ಹೇಳಿ, ಮಕ್ಕಳ ಸಹಾಯವಾಣಿ 1098 ಎಂಬುದನ್ನು ಕಚೇರಿಯ ಗೋಡೆಯ ಮೇಲೆ ಬರೆಸಿ.

ಹೊರಗಿನ ತರಬೇತಿಯನ್ನು ಆರಿಸುವಾಗ

ಒಳಗಿನ ಅಭ್ಯಾಸ ಎಷ್ಟೇ ಚೆನ್ನಾಗಿದ್ದರೂ ಡಿಪ್ಲೊಮಾ ಇಲ್ಲದ ಸಹಾಯಕಿಯನ್ನು ಶಿಕ್ಷಕಿಯನ್ನಾಗಿ ಮಾಡಲು ಅದೊಂದೇ ಸಾಲದು. ‘ಮಾಂಟೆಸ್ಸರಿ’ ಎಂಬ ಹೆಸರನ್ನು ಯಾರು ಬೇಕಾದರೂ ಬಳಸುತ್ತಿರುವುದರಿಂದ, ಕೋರ್ಸಿಗೆ ಹಣ ಕಟ್ಟುವ ಮೊದಲು ಕೆಲವು ಪ್ರಶ್ನೆಗಳನ್ನು ನೇರವಾಗಿ ಕೇಳಬೇಕು. ಸಾಮಗ್ರಿಗಳ ಮುಂದೆ ಕುಳಿತು ಅಭ್ಯಾಸ ಮಾಡಲು ಎಷ್ಟು ಗಂಟೆ ಸಿಗುತ್ತದೆ? ಆಲ್ಬಂಗಳನ್ನು ವಿದ್ಯಾರ್ಥಿಗಳೇ ಬರೆಯುತ್ತಾರೆಯೇ, ಅಚ್ಚು ಹಾಕಿಸಿ ಕೊಡುತ್ತಾರೆಯೇ? ನಡೆಯುತ್ತಿರುವ ಮಕ್ಕಳ ಮನೆಯಲ್ಲಿ ಎಷ್ಟು ದಿನ ಅವಲೋಕನ, ಎಷ್ಟು ದಿನ ಬೋಧನಾಭ್ಯಾಸ? ಪೂರ್ತಿ ಆನ್‌ಲೈನಿನಲ್ಲೇ ಮುಗಿಯುವ ಮೂರು ತಿಂಗಳ ಕೋರ್ಸು ತತ್ತ್ವದ ಪರಿಚಯಕ್ಕೆ ಸಾಕಾದೀತು, ಕೈಯ ಕೆಲಸಕ್ಕೆ ಸಾಲದು.

ನಮಗೆ ಈ ವಿಷಯದಲ್ಲಿ ದೂರ ಹೋಗಬೇಕಾದ ಸ್ಥಿತಿಯಿಲ್ಲ. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದ ಮಾಂಟೆಸ್ಸರಿಯವರು ಯುದ್ಧದ ಕಾರಣದಿಂದ 1946ರವರೆಗೆ ಭಾರತದಲ್ಲೇ ಉಳಿದು, ಸಾವಿರಕ್ಕೂ ಹೆಚ್ಚು ಶಿಕ್ಷಕರಿಗೆ ತರಬೇತಿ ಕೊಟ್ಟರು. ಅವರು ಇಟಾಲಿಯನ್ನಿನಲ್ಲಿ ಹೇಳಿದ್ದನ್ನು ಮಗ ಮಾರಿಯೊ ಇಂಗ್ಲಿಷಿಗೆ ಅನುವಾದಿಸುತ್ತಿದ್ದರು. ಬೆಂಗಳೂರಿನ ಇಂಡಿಯನ್ ಮಾಂಟೆಸ್ಸರಿ ಸೆಂಟರ್ ಇಂದಿಗೂ ತರಬೇತಿ ನಡೆಸುತ್ತಿದೆ. ಮಾಂಟೆಸ್ಸರಿಯವರ ಭಾಷಣವನ್ನೇ ಬೇರೆ ಭಾಷೆಯಲ್ಲಿ ಕೇಳಿ ಕಲಿತವರ ಪರಂಪರೆ ನಮ್ಮದಾಗಿರುವಾಗ, ಇಂಗ್ಲಿಷ್ ಸರಾಗವಾಗಿ ಬಾರದ ಸಹಾಯಕಿಗೆ ಪಾಠಗಳನ್ನು ಕನ್ನಡದಲ್ಲಿ ತಿಳಿಸಿ ಹೇಳಲು ಹಿಂಜರಿಯಬೇಕಿಲ್ಲ. ಶಾಲೆ ಅರ್ಧ ಶುಲ್ಕ ಭರಿಸಿ, ಪ್ರತಿಯಾಗಿ ಎರಡು ವರ್ಷ ಕೆಲಸ ಮಾಡುವ ಒಪ್ಪಂದ ಮಾಡಿಕೊಳ್ಳಬಹುದು. ಆದರೆ ಮೂಲ ಪ್ರಮಾಣಪತ್ರವನ್ನು ಶಾಲೆಯ ಬೀರುವಿನಲ್ಲಿ ಒತ್ತೆಯಿಟ್ಟುಕೊಳ್ಳುವ ಪದ್ಧತಿಯನ್ನು ಕೈಬಿಡಬೇಕು.

ಮಾರ್ಚ್ ತಿಂಗಳ ಕೊನೆಯ ಎರಡು ಸಭೆಗಳಲ್ಲಿ ಹೊಸದೇನನ್ನೂ ಎತ್ತಿಕೊಳ್ಳಬೇಡಿ. ಪ್ರತಿಯೊಬ್ಬರೂ ತಮ್ಮ ಜೂನ್ ತಿಂಗಳ ಅವಲೋಕನದ ಒಂದು ಪುಟವನ್ನೂ ಫೆಬ್ರವರಿಯ ಒಂದು ಪುಟವನ್ನೂ ಅಕ್ಕಪಕ್ಕ ಇಟ್ಟು ಓದಲಿ. ತಮಗೆ ಇನ್ನೂ ಕೈ ಬಾರದ ಎರಡು ಸಾಮಗ್ರಿಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಡಲಿ. ಆ ಚೀಟಿಗಳನ್ನು ಜೋಡಿಸಿದರೆ ಮುಂದಿನ ವರ್ಷದ ಜೂನ್, ಜುಲೈ ತಿಂಗಳ ಶನಿವಾರಗಳ ಪಟ್ಟಿ ಅಲ್ಲೇ ಸಿದ್ಧವಾಗುತ್ತದೆ.